ಸದ್ದು ಬೇರೆ, ಮಾತು ಬೇರೆ

"ಏನಂದ್ಲವ್ವಾ ಅವ್ಳು?"

ರಾತ್ರಿ ಧಾರಾವಾಹಿಯ ಹೊತ್ತಿನಲ್ಲಿ ನಮ್ಮ ಮನೆಯಲ್ಲಿ ಈ ಪ್ರಶ್ನೆ ಹತ್ತು ಸಲವಾದರೂ ಏಳುತ್ತಿತ್ತು. ಕೇಳುವವರು ನಮ್ಮತ್ತೆ. ಅವರಿಗೆ 82 ವರ್ಷ. ಉತ್ತರ ಹೇಳಬೇಕಾದವಳು ನಾನು. ಅಡಿಗೆಮನೆಯಲ್ಲಿ ರಾಗಿಹಿಟ್ಟು ತೊಳಸುತ್ತಾ ಅಲ್ಲಿಂದಲೇ "ಒಪ್ಪೋದಿಲ್ವಂತೆ ಅತ್ತೆ" ಎಂದು ಕೂಗುತ್ತಿದ್ದೆ. ಅಷ್ಟು ಹೊತ್ತಿಗೆ ಅವಳು ಒಪ್ಪಿ, ತಾಳಿ ಕಟ್ಟಿಸಿಕೊಂಡೂ ಆಗಿರುತ್ತಿತ್ತು.

ನಮ್ಮ ಯಜಮಾನರಿಗೆ ಇದಕ್ಕೆ ಗೊತ್ತಿದ್ದದ್ದು ಒಂದೇ ಮದ್ದು. ರಿಮೋಟು ಎತ್ತಿ ವಾಲ್ಯೂಮ್ ಏರಿಸುವುದು. 20 ಇದ್ದದ್ದು 40 ಆಯಿತು, 40 ಇದ್ದದ್ದು 60 ಆಯಿತು. ಪಕ್ಕದ ಮನೆಯವರು ತಮ್ಮ ಟಿವಿ ಆರಿಸಿ ನಮ್ಮದನ್ನೇ ಕೇಳಿಕೊಂಡು ಕರೆಂಟು ಉಳಿಸಬಹುದಾಗಿತ್ತು. ಪ್ರಶ್ನೆ ಮಾತ್ರ ನಿಲ್ಲಲಿಲ್ಲ. ಕೊನೆಗೆ ಒಂದು ದಿನ ಅತ್ತೆಯೇ ರೇಗಿ ಮಗನಿಗೆ ಹೇಳಿದರು: "ಸದ್ದು ಕೇಳ್ಸುತ್ತೆ ಕಣಪ್ಪಾ, ಮಾತು ಕೇಳ್ಸಲ್ಲ."

ಹೋಮ್ ಥಿಯೇಟರ್ ಮಾರುವ ಅಂಗಡಿಗಳವರೂ ಅದನ್ನು ಕೊಳ್ಳುವ ಗಂಡಸರೂ ಈ ಒಂದು ವಾಕ್ಯವನ್ನು ಅರ್ಥಮಾಡಿಕೊಂಡಿದ್ದರೆ ನಾನು ಈ ಬರಹ ಬರೆಯಬೇಕಾಗಿರಲಿಲ್ಲ. ಸದ್ದು ಬೇರೆ, ಮಾತು ಬೇರೆ. ಅವರು ಮಾರುವುದು ಸದ್ದು. ಮನೆಯಲ್ಲಿ ಬೇಕಾಗಿರುವುದು ಮಾತು. ಈ ಎರಡರ ನಡುವಿನ ಅಂತರಕ್ಕೆ ನಾವು ತಿಂಗಳು ತಿಂಗಳು ಕಂತು ಕಟ್ಟುತ್ತಿದ್ದೇವೆ.

ಅತ್ತೆಯನ್ನು ಕಿವಿ ಡಾಕ್ಟರರ ಹತ್ತಿರ ಕರೆದುಕೊಂಡು ಹೋಗಿರಲಿಲ್ಲವೇ ಎನ್ನಬೇಡಿ. ಹೋಗಿದ್ದೆವು. ಅವರು ಕೊಟ್ಟ ಯಂತ್ರ ಬೀರುವಿನಲ್ಲಿ, ಬಳೆಯ ಡಬ್ಬಿಯ ಪಕ್ಕ, ಸುಖವಾಗಿದೆ. "ಕಿವೀಲಿ ಜೀರುಂಡೆ ಇಟ್ಕಂಡಂಗಾಯ್ತದೆ" ಎಂದು ಅತ್ತೆ ಅದನ್ನು ತೆಗೆದಿಟ್ಟವರು ಮತ್ತೆ ಮುಟ್ಟಲಿಲ್ಲ. ಆದರೆ ಡಾಕ್ಟರರು ಹೇಳಿದ ಒಂದು ಮಾತು ನನಗೆ ಉಪಯೋಗಕ್ಕೆ ಬಂತು. ವಯಸ್ಸಾದಂತೆ ಕಿವಿ ಮೊದಲು ಕಳೆದುಕೊಳ್ಳುವುದು ಸಣ್ಣ ದನಿಯನ್ನು, ಅಂದರೆ ಎತ್ತರದ ಸ್ಥಾಯಿಯ ದನಿಯನ್ನು. ದಪ್ಪ ದನಿ ಬಹಳ ಕಾಲ ಉಳಿಯುತ್ತದೆ. ನಮ್ಮ ಮಾತಿನಲ್ಲಿ ಅ, ಓ, ಎ ಇವೆಲ್ಲ ದಪ್ಪಗೆ, ಜೋರಾಗಿ ಬರುವವು. ಸ, ಶ, ಚ, ತ ಇವು ತೆಳ್ಳಗೆ, ಮೇಲಿನ ಸ್ಥಾಯಿಯಲ್ಲಿ ಸುಳಿದು ಹೋಗುವವು. "ಸೊಸೆ" ಎಂಬ ಮಾತಿನಲ್ಲಿ ಎರಡು ಸಕಾರವೂ ಹಾರಿಹೋದರೆ ಉಳಿಯುವುದು ಬರೀ "ಒ, ಎ". ಅದರ ಮೇಲೆ ವಾಲ್ಯೂಮ್ ಏರಿಸಿದರೆ ಜೋರಾಗುವುದು ಹಿನ್ನೆಲೆಯ ಡೋಲು, ಗುಡುಗು, ಅದೇ "ಒ, ಎ". ಸಕಾರ ಅವುಗಳ ಅಡಿಯಲ್ಲಿ ಇನ್ನಷ್ಟು ಹೂತುಹೋಗುತ್ತದೆ.

ಇದಕ್ಕೆ ಈಗಿನ ಟಿವಿಯೂ ಸೇರಿಕೊಂಡಿದೆ. ಹಿಂದಿನ ಡಬ್ಬಾ ಟಿವಿಗಳಲ್ಲಿ ಸ್ಪೀಕರು ಮುಖದ ಮೇಲೇ ಇರುತ್ತಿತ್ತು, ನಮ್ಮ ಕಡೆ ನೋಡಿ ಮಾತಾಡುತ್ತಿತ್ತು. ಈಗಿನದು ಗೋಡೆಗೆ ಅಂಟಿಸಿದ ಹಪ್ಪಳ. ಸ್ಪೀಕರಿಗೆ ಜಾಗವೆಲ್ಲಿ? ಬಹುಪಾಲು ಟಿವಿಗಳಲ್ಲಿ ಅದನ್ನು ಕೆಳಮುಖವಾಗಿಯೋ ಹಿಂದಕ್ಕೋ ತಿರುಗಿಸಿ ಕೂರಿಸಿರುತ್ತಾರೆ. ಮಾತು ಗೋಡೆಗೆ ಬಡಿದು, ಟೈಲ್ಸ್ ನೆಲಕ್ಕೆ ಬಡಿದು, ಸುಸ್ತಾಗಿ ನಮ್ಮ ಹತ್ತಿರ ಬರುತ್ತದೆ.

ಸರಿ, ಹೋಮ್ ಥಿಯೇಟರ್ ತರುವುದೆಂದು ತೀರ್ಮಾನವಾಯಿತು. ತೀರ್ಮಾನ ಮಾಡಿದ್ದು ಯಾರು? ಯಜಮಾನರು, ಮೈದುನ, ನನ್ನ ಮಗ. ಮೂವರೂ ಜಗಲಿಯಲ್ಲಿ ಕೂತು, ಫೋನು ನೋಡುತ್ತಾ, ವ್ಯಾಟ್ ಲೆಕ್ಕ ಹಾಕಿದರು. ಒಬ್ಬರು 500 ಅಂದರೆ ಇನ್ನೊಬ್ಬರು 1,000. ಐದು ಸ್ಪೀಕರೋ ಏಳೋ ಎಂಬ ವಾದ ಊಟ ಆರುವವರೆಗೆ ನಡೆಯಿತು. ಹಣ ನನ್ನ ಚೀಟಿಯದು, 60,000 ರೂಪಾಯಿ. ಕಿವಿ ಅತ್ತೆಯದು. ನಮ್ಮಿಬ್ಬರನ್ನೂ ಯಾರೂ ಕೇಳಲಿಲ್ಲ. ನಾನು ಕಾಫಿ ಕೊಡುವಾಗ "ಇದರಲ್ಲಿ ಮಾತು ಸ್ಪಷ್ಟವಾಗಿ ಕೇಳ್ಸುತ್ತಾ?" ಎಂದೆ. ಮೈದುನ ನಕ್ಕ. "ಅತ್ತಿಗೆ, ಇದೆಲ್ಲ ಟೆಕ್ನಿಕಲ್ಲು."

ಟೆಕ್ನಿಕಲ್ಲಂತೆ! ಮಿಕ್ಸಿ ಕೊಳ್ಳುವಾಗ ನಾವು ಹೆಂಗಸರು ಏನು ಮಾಡುತ್ತೇವೆ? 750 ವ್ಯಾಟ್ ಎಂಬುದನ್ನು ನೋಡುತ್ತೇವೆ, ಅಷ್ಟಕ್ಕೇ ಮರುಳಾಗುವುದಿಲ್ಲ. ಜಾರು ಅಲ್ಲಾಡುತ್ತದೆಯೇ, ಚಟ್ನಿ ಜಾರಿನಲ್ಲಿ ಒಂದು ಹಿಡಿ ಕಾಯಿ ನುಣ್ಣಗಾಗುತ್ತದೆಯೇ, ರಿಪೇರಿಗೆ ನಮ್ಮೂರಿನಲ್ಲೇ ಜನ ಇದ್ದಾರೆಯೇ ಎಂದು ವಿಚಾರಿಸುತ್ತೇವೆ. ಇದು ಟೆಕ್ನಿಕಲ್ ಅಲ್ಲದೆ ಇನ್ನೇನು?

ಆ ವರ್ಷ ಗೌರಿಹಬ್ಬಕ್ಕೆ ಕನಕಪುರದ ನಾದಿನಿಯ ಮನೆಗೆ ಹೋದೆವು. ಅಲ್ಲಿ ಆಗಲೇ ಒಂದು ಸೆಟ್ಟು ಬಂದು ಕೂತಿತ್ತು. ಟಿವಿಯ ಎರಡು ಪಕ್ಕ ನಿಂತ ಎತ್ತರದ ಎರಡು ಕಂಬ, ಒಳಗಿನಿಂದ ನೀಲಿ ದೀಪ ಮಿಣಮಿಣ. ನೆಲದ ಮೇಲೆ ಒಂದು ದೊಡ್ಡ ಪೆಟ್ಟಿಗೆ, ಅದರ ನೆತ್ತಿಯ ಮೇಲೆ ಬಂಗಾರದ ಬಣ್ಣದ ಚೀಟಿ: 10,000 ವ್ಯಾಟ್ ಪಿಎಂಪಿಒ. ನಾದಿನಿಯ ಗಂಡ ಒಂದು ಹೊಡೆದಾಟದ ಚಿತ್ರ ಹಾಕಿದರು. ಒಂದು ಗುದ್ದಿಗೆ ಸ್ಟ್ಯಾಂಡಿನಲ್ಲಿದ್ದ ಸ್ಟೀಲ್ ಲೋಟಗಳು ಜಣಜಣ ಅಂದವು. ಯಜಮಾನರ ಮುಖ ಅರಳಿತು. ಅತ್ತೆ ಎದೆ ಹಿಡಿದುಕೊಂಡು ಎದ್ದು ಹಿತ್ತಲಿಗೆ ಹೋದರು. ನಾಯಕ ಗುದ್ದಿದ ಮೇಲೆ ಏನೋ ಹೇಳಿದ. ಏನು ಹೇಳಿದನೋ ನನಗೂ ತಿಳಿಯಲಿಲ್ಲ, ನನ್ನ ಕಿವಿ ಚೆನ್ನಾಗಿಯೇ ಇದೆ.

ಆಮೇಲೆ ಅಡಿಗೆಮನೆಯಲ್ಲಿ ನಾದಿನಿಯನ್ನು ಕೇಳಿದೆ. "ನೀನು ಇದರಲ್ಲಿ ಧಾರಾವಾಹಿ ನೋಡ್ತೀಯಾ?" ಅವಳು ಒಬ್ಬಟ್ಟು ತಟ್ಟುತ್ತಲೇ "ಅಯ್ಯೋ, ಅದನ್ನ ಹಾಕಿದ್ರೆ ಮಗು ಏಳುತ್ತೆ ಅತ್ತಿಗೆ. ನಾನು ಟಿವೀದೇ ಇಟ್ಕೋತೀನಿ" ಎಂದಳು. ಅಂದರೆ ಮನೆಯಲ್ಲಿ ಹೆಚ್ಚು ಹೊತ್ತು ಇರುವವಳು ಆ ವಸ್ತುವನ್ನು ಬಳಸುವುದೇ ಇಲ್ಲ. ದಿನಾ ಧೂಳು ಮಾತ್ರ ಒರೆಸುತ್ತಾಳೆ.

ಗುಡಿಸುವ ನೆಪದಲ್ಲಿ ನಾನು ಆ ಪೆಟ್ಟಿಗೆಯ ಬೆನ್ನು ನೋಡಿದೆ. ಗೆಳತಿಯರೇ, ನೀವೂ ಯಾವ ಯಂತ್ರ ಕೊಂಡರೂ ಮೊದಲು ಅದರ ಬೆನ್ನು ನೋಡಿ. ಮುಖದ ಮೇಲೆ ಬರೆದದ್ದು ಮಾರುವವನ ಮಾತು, ಬೆನ್ನ ಮೇಲೆ ಬರೆದದ್ದು ಯಂತ್ರದ ಮಾತು. ಬೆನ್ನ ಮೇಲೆ ಚಿಕ್ಕ ಅಕ್ಷರದಲ್ಲಿ ಇತ್ತು: 230 ವೋಲ್ಟ್, 50 ಹರ್ಟ್ಸ್, 60 ವ್ಯಾಟ್. ಗೋಡೆಯಿಂದ ಎಳೆದುಕೊಳ್ಳುವುದು 60 ವ್ಯಾಟ್, ಹೊರಗೆ ಕೊಡುವುದು 10,000 ವ್ಯಾಟ್! ಒಂದು ಸೇರು ಅಕ್ಕಿ ಹಾಕಿ ನೂರಾರು ಸೇರು ಅನ್ನ ಇಳಿಸುವ ಈ ವಿದ್ಯೆ ನಮಗೆ ಯಾರೂ ಹೇಳಿಕೊಡಲಿಲ್ಲವಲ್ಲ! ನಿಜವಾಗಿ 10,000 ವ್ಯಾಟ್ ಬೇಕಾದರೆ 13 ಮಿಕ್ಸಿ ಒಟ್ಟಿಗೆ ಓಡಬೇಕು. ಕನಕಪುರದ ಆ ಮನೆಯ ಫ್ಯೂಸು ತಡೆಯುತ್ತಿತ್ತೇ?

ಈ ಪಿಎಂಪಿಒ ಎಂಬುದು ಕಣ್ಣುಮಿಟುಕಿಸುವುದಕ್ಕಿಂತ ಚಿಕ್ಕ ಗಳಿಗೆಯಲ್ಲಿ ಯಂತ್ರ ಕೊಡಬಹುದೆಂದು ಊಹಿಸಿ ಬರೆದ ಸಂಖ್ಯೆ. ಅದಕ್ಕೆ ಒಂದು ಕಟ್ಟುಪಾಡಿಲ್ಲ, ಒಂದು ಅಳತೆಯಿಲ್ಲ. ಎಷ್ಟು ಬೇಕಾದರೂ ಬರೆಯಬಹುದು. 1990ರ ದಶಕದಲ್ಲಿ ಟೇಪ್ ರೆಕಾರ್ಡರುಗಳ ಮೇಲೆ ಅಂಟಿಕೊಂಡು ಬಂದದ್ದು ಇನ್ನೂ ಉದುರಿಲ್ಲ. ಇಂಥ ಆಟ ನಮ್ಮಲ್ಲಿ ಮಾತ್ರ ನಡೆದದ್ದಲ್ಲ. ಅಮೆರಿಕದಲ್ಲೂ ನಡೆದು, 1974ರಲ್ಲಿ ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ ಒಂದು ನಿಯಮ ತಂದಿತು. ವ್ಯಾಟ್ ಎಷ್ಟು ಎಂದು ಜಾಹೀರಾತು ಮಾಡುವವರು ಎಷ್ಟು ಓಮ್‌ನ ಸ್ಪೀಕರಿಗೆ, ಯಾವ ಸ್ಥಾಯಿಯಿಂದ ಯಾವ ಸ್ಥಾಯಿಯವರೆಗೆ, ದನಿ ಎಷ್ಟು ಕೆಡುತ್ತದೆ ಎಂಬುದನ್ನೂ ಹೇಳಬೇಕು. 2024ರಲ್ಲಿ ಆ ನಿಯಮವನ್ನು ತಿದ್ದಿ ಇನ್ನಷ್ಟು ಬಿಗಿ ಮಾಡಿದರು. ಹಾಗಾಗಿ ಹೆಸರಿರುವ ಕಂಪನಿಗಳ ರಿಸೀವರಿನ ಕಾಗದದಲ್ಲಿ "70 ವ್ಯಾಟ್, 8 ಓಮ್, 20 ಹರ್ಟ್ಸ್‌ನಿಂದ 20,000 ಹರ್ಟ್ಸ್, ಎರಡು ಚಾನೆಲ್ ಓಡುವಾಗ" ಎಂಬಂಥ ಉದ್ದದ ಸಾಲು ಇರುತ್ತದೆ. ಆ ಉದ್ದದ ಸಾಲಿನ 70, ಬಂಗಾರದ ಚೀಟಿಯ 10,000ಕ್ಕಿಂತ ದೊಡ್ಡದು. ಉದ್ದದ ಸಾಲು ಇಲ್ಲದೆ ಬರೀ ಸಂಖ್ಯೆ ಇದ್ದರೆ ಆ ಅಂಗಡಿಯ ಮೆಟ್ಟಿಲಿಳಿಯಿರಿ.

ಇನ್ನೊಂದು ಮಾತು. 100 ವ್ಯಾಟ್ ಎಂದರೆ 50 ವ್ಯಾಟಿನ ಎರಡರಷ್ಟು ಸದ್ದು ಎಂದು ಗಂಡಸರು ತಿಳಿದಿದ್ದಾರೆ. ಅಲ್ಲ. ವ್ಯಾಟ್ ದುಪ್ಪಟ್ಟಾದರೆ ಹೆಚ್ಚುವುದು 3 ಡೆಸಿಬಲ್ ಅಷ್ಟೆ; ಗಮನವಿಟ್ಟು ಕೇಳಿದರೆ ತಿಳಿಯುವಷ್ಟು ವ್ಯತ್ಯಾಸ. ಕಿವಿಗೆ ಎರಡರಷ್ಟು ಅನ್ನಿಸಬೇಕಾದರೆ ವ್ಯಾಟ್ ಸುಮಾರು ಹತ್ತು ಪಟ್ಟಾಗಬೇಕು. ಹತ್ತು ಅಡಿಗೆ ಹನ್ನೆರಡು ಅಡಿಯ ನಮ್ಮ ಹಾಲಿನಲ್ಲಿ, ಮಾತು ಕೇಳುವಷ್ಟು ಸದ್ದಿನಲ್ಲಿ, ಸ್ಪೀಕರು ನುಂಗುವುದು ಒಂದು ವ್ಯಾಟಿಗಿಂತ ಹೆಚ್ಚಿಲ್ಲ. ಜಗಲಿಯ ಮೇಲೆ ಊಟ ಆರಿಸಿಕೊಂಡು ಮಾಡಿದ 500, 1,000ದ ಜಗಳ ಯಾತಕ್ಕೆ ಬಂತು ಹೇಳಿ.

ಇದನ್ನೆಲ್ಲ ತಿಳಿದುಕೊಂಡ ಮೇಲೂ ಅಂಗಡಿಗೆ ಹೋದಾಗ ಆದದ್ದನ್ನು ಹೇಳಬೇಕು. ನಮ್ಮೂರು ರಾಮನಗರದಲ್ಲೇ ಒಂದು ಅಂಗಡಿ; ಯಾವುದೆಂದು ಬೇಡ. ನಾನು ಪ್ರಶ್ನೆ ಕೇಳುತ್ತೇನೆ, ಹುಡುಗ ಉತ್ತರವನ್ನು ನಮ್ಮ ಯಜಮಾನರಿಗೆ ಹೇಳುತ್ತಾನೆ. "ಇದಕ್ಕೆ ಸರ್ವಿಸ್ ಎಲ್ಲಿ?" ಎಂದರೆ "ಸಾರ್, ಇದು ಏಳು ಚಾನೆಲ್ಲು ಸಾರ್" ಎನ್ನುತ್ತಾನೆ. ಬಾಂಬು ಸಿಡಿಯುವ ಒಂದು ತುಣುಕನ್ನು ಮತ್ತೆ ಮತ್ತೆ ಹಾಕಿ ತೋರಿಸಿದ. "ಒಬ್ಬ ಹೆಂಗಸು ಮೆಲ್ಲಗೆ ಮಾತಾಡೋದನ್ನ ಹಾಕಪ್ಪಾ" ಎಂದೆ. ಅವನು ನಿಜವಾಗಿಯೂ ಗೊಂದಲಕ್ಕೆ ಬಿದ್ದ. "ಹೋಮ್ ಥಿಯೇಟರ್ ಅಲ್ವಾ ಮೇಡಂ, ಮಾತು ಕೇಳೋಕೆ ಟಿವಿ ಸಾಕಲ್ವಾ?" ಎಂದ. ಯಜಮಾನರು ನನ್ನ ಮೊಣಕೈ ಮುಟ್ಟಿ "ಬಾ, ಸುಮ್ಮನಿರು" ಎಂದರು. 55,000ದ ಬಿಲ್ಲಿಗೆ ಪೆನ್ನು ತೆರೆದಾಗಿತ್ತು. ನನ್ನ ಚೀಲದಲ್ಲಿದ್ದ ದುಡ್ಡು ಚೀಲದಲ್ಲೇ ಇರಲಿ ಎಂದು ನಾನು ಹೊರಗೆ ಬಂದೆ. ಆ ದಿನ ರಾತ್ರಿ ಮನೆಯಲ್ಲಿ ಟಿವಿಯೂ ಮಾತಾಡಲಿಲ್ಲ, ನಾವೂ ಮಾತಾಡಲಿಲ್ಲ.

ನಮ್ಮೂರಿನ ರೇಷ್ಮೆಗೂಡಿನ ಮಾರುಕಟ್ಟೆಯನ್ನು ನೀವು ನೋಡಿರಬಹುದು. ಏಷ್ಯಾಕ್ಕೇ ದೊಡ್ಡದೆಂದು ಹೆಸರು. ಅಲ್ಲಿ ಗೂಡು ಕೊಳ್ಳಲು ಬಂದವರು ರಾಶಿಯ ಮುಂದೆ ನಿಂತು ಏನು ಮಾಡುತ್ತಾರೆ? ರಾಶಿಯೊಳಗೆ ಕೈ ತೂರಿಸಿ ಅಡಿಯಿಂದ ಒಂದು ಹಿಡಿ ತೆಗೆಯುತ್ತಾರೆ. ಒಂದು ಗೂಡನ್ನು ಬೆರಳಲ್ಲಿ ಅಮುಕುತ್ತಾರೆ. ಇನ್ನೊಂದನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಾರೆ. ಒಳಗಿನ ಹುಳು ಗಟ್ಟಿಯಾಗಿದ್ದರೆ ಒಣಗಿದ ಕಾಯಿಯ ಹಾಗೆ ಲೊಟಕ್ ಎನ್ನುತ್ತದೆ, ಕರಗಿದ್ದರೆ ಸದ್ದಿಲ್ಲ. ಬೆರಳುಗುರಿನಷ್ಟು ದೊಡ್ಡ ಗೂಡನ್ನು ಕಿವಿಯಿಂದ ಪರೀಕ್ಷೆ ಮಾಡುವ ಊರು ಇದು. ಅದೇ ಊರಿನ ಗಂಡಸರು ಕಿವಿಗಾಗಿಯೇ ಕೊಳ್ಳುವ ವಸ್ತುವನ್ನು ಚೀಟಿ ಓದಿ ಕೊಳ್ಳುತ್ತಾರೆ!

ಈ ರಿಸೀವರ್ ಎಂದರೇನು ಎಂದು ಇಲ್ಲಿ ಒಂದು ಗಳಿಗೆ ಹೇಳಿಬಿಡುತ್ತೇನೆ. ಅದು ಬಡಿಸುವವಳು. ಟಿವಿಯಿಂದ, ಸೆಟ್‌ಟಾಪ್ ಪೆಟ್ಟಿಗೆಯಿಂದ ಬಂದ ದನಿಯನ್ನು ತೆಗೆದುಕೊಂಡು, ಯಾವುದು ಎಡಕ್ಕೆ, ಯಾವುದು ಬಲಕ್ಕೆ, ಯಾವುದು ನಡುವಿಗೆ, ಯಾವುದು ಹಿಂದಕ್ಕೆ ಎಂದು ಪಾಲು ಮಾಡಿ, ಬಲ ತುಂಬಿ, ಒಂದೊಂದು ಸ್ಪೀಕರಿಗೆ ಬಡಿಸುತ್ತದೆ. 5.1 ಎಂದರೆ ಐದು ಎಲೆ, ಜೊತೆಗೆ ದಪ್ಪ ದನಿಗೆಂದೇ ಒಂದು ಬೋಗುಣಿ. ಈ ಐದರಲ್ಲಿ ನಮಗೆ ಬೇಕಾದ ಎಲೆ ಒಂದೇ: ನಡುವಿನದು. ಸಿನಿಮಾದಲ್ಲಿ ಮಾತಿನ ಬಹುಪಾಲು ಬರುವುದು ನಡುವಿನ ಸ್ಪೀಕರಿನಲ್ಲಿ. ಧಾರಾವಾಹಿ ಬರೀ ಎರಡು ಚಾನೆಲ್ಲಿನಲ್ಲಿ ಬಂದರೂ ಚಿಂತೆಯಿಲ್ಲ; ಎಡಬಲಗಳಲ್ಲಿ ಸಮವಾಗಿ ಬರುವ ದನಿಯನ್ನು, ಎಂದರೆ ಸಾಮಾನ್ಯವಾಗಿ ಮಾತನ್ನೇ, ಹೆಕ್ಕಿ ನಡುವಿಗೆ ಕಳಿಸುವ ವಿದ್ಯೆ ಅತಿ ಅಗ್ಗದ ರಿಸೀವರಿಗೂ ಗೊತ್ತು. ಅಲ್ಲದೆ ನಡುವಿನ ಸ್ಪೀಕರಿನ ದನಿಯೊಂದನ್ನೇ ಎರಡು ಮೂರು ಡೆಸಿಬಲ್ ಏರಿಸಿ ಉಳಿದದ್ದನ್ನು ಇದ್ದಲ್ಲೇ ಬಿಡಬಹುದು. ಡೋಲು ಏರದೆ ಸಕಾರ ಏರುತ್ತದೆ. ನಮ್ಮತ್ತೆಗೆ ಬೇಕಾದದ್ದು ಇದಲ್ಲವೇ? ಕನಕಪುರದ 10,000 ವ್ಯಾಟಿನ ಸೆಟ್ಟಿಗೆ ನಡುವಿನ ಸ್ಪೀಕರೇ ಇರಲಿಲ್ಲ.

ಆದ್ದರಿಂದ ಮೊದಲ ಸಲ ಕೊಳ್ಳುವವರು ಏಳು, ಒಂಬತ್ತು ಚಾನೆಲ್ಲಿನ ಆಸೆ ಬಿಡಿ. ಯಮಾಹಾ, ಡೆನಾನ್, ಸೋನಿಯಂಥ ಹೆಸರುಗಳಲ್ಲಿ ಬಂದಿರುವ ಐದು ಚಾನೆಲ್ಲಿನ, ಕೆಳಗಿನ ದರ್ಜೆಯ ರಿಸೀವರು ಬೇಕಾದಷ್ಟಾಯಿತು. ಅದರಲ್ಲಿ ಉಳಿದ ಹಣವನ್ನು ಮುಂದಿನ ಮೂರು ಸ್ಪೀಕರಿಗೆ ಹಾಕಿ. ಹಿಂದಿನ ಎರಡು, ನೆಲದ ಬೋಗುಣಿ, ಮುಂದಿನ ಚೀಟಿಗೆ. ಮನೆ ಕಟ್ಟಿದ ನಾವು ಪಾತ್ರೆಪಡಗವನ್ನೆಲ್ಲ ಒಂದೇ ದಿನ ಕೊಂಡೆವೇ? ಒಂದು ವರ್ಷ ಕುಕ್ಕರು, ಒಂದು ವರ್ಷ ಗ್ರೈಂಡರು. ರಿಸೀವರಿನ ದೊಡ್ಡ ಗುಣವೇ ಅದು: ಬಿಡಿಬಿಡಿಯಾಗಿ ಬೆಳೆಸಬಹುದು, ಒಂದು ಕೆಟ್ಟರೆ ಒಂದನ್ನೇ ಬದಲಿಸಬಹುದು. ಎಲ್ಲವನ್ನೂ ಒಂದೇ ರಟ್ಟಿನ ಪೆಟ್ಟಿಗೆಯಲ್ಲಿ ತುಂಬಿ ಕೊಡುವ ಸೆಟ್ಟುಗಳಲ್ಲಿ ಹಲವಕ್ಕೆ ಅವರದೇ ಪಿನ್ನು, ಅವರದೇ ವೈರು. ಒಂದು ಹೋದರೆ ಎಲ್ಲವೂ ಗುಜರಿಗೆ. ಟಿವಿಯ ಕೆಳಗೆ ಒಂದೇ ಕೋಲಿನಂತೆ ಇಡುವ ಸೌಂಡ್‌ಬಾರನ್ನು ಹಲವರು ಹೊಗಳುತ್ತಾರೆ. ಬಾಡಿಗೆ ಮನೆಯವರಿಗೆ, ವೈರು ಎಳೆಯಲು ಜಾಗವಿಲ್ಲದವರಿಗೆ ಅದು ಸರಿಯೇ, ನಡುವಿನ ಚಾನೆಲ್ ಇರುವುದನ್ನೇ ನೋಡಿ ಕೊಳ್ಳಿ. ನನಗೆ ಬೆಳೆಯುವ ವಸ್ತು ಬೇಕಿತ್ತು.

ಮಾಗಡಿಯ ಚಿಕ್ಕಮ್ಮನ ಮನೆಯ ಕತೆ ಚಿಕ್ಕದು. ಅವರ ಮಗ ಅಮೆರಿಕದಿಂದ ಬರುವಾಗ ಸಾವನದುರ್ಗದಂಥ ಭಾರದ ರಿಸೀವರ್ ಒಂದನ್ನು ಸೂಟ್‌ಕೇಸಿನಲ್ಲಿ ಹೊತ್ತು ತಂದ. ಅಲ್ಲಿ ಅಗ್ಗವಂತೆ. ಅಲ್ಲಿನ ಕರೆಂಟು 120 ವೋಲ್ಟ್, ನಮ್ಮದು 230. ಪ್ಲಗ್ಗು ಹಾಕಿದ, ಸ್ವಿಚ್ ಒತ್ತಿದ, ಟುಸ್ ಎಂದಿತು. ದೇವರ ಮನೆಯ ಸಾಂಬ್ರಾಣಿ ಎಂದುಕೊಂಡರಂತೆ ಚಿಕ್ಕಮ್ಮ. ಅದರ ಬೆನ್ನ ಮೇಲೂ ಬರೆದಿತ್ತು, ಯಾರೂ ನೋಡಿರಲಿಲ್ಲ.

ನಾನು ಹಟ ಹಿಡಿದು ಅತ್ತೆಯನ್ನು ಬೆಂಗಳೂರಿಗೇ ಕರೆದುಕೊಂಡು ಹೋದೆ. 50 ಕಿಲೋಮೀಟರು, ಬೆಳಗಿನ ರೈಲು. "ಮುದುಕೀನ ಯಾಕೆ ಎಳ್ಕೊಂಡೋಗ್ತೀಯ" ಎಂದು ಯಜಮಾನರು. "ಚಪ್ಪಲಿ ಕೊಳ್ಳೋಕೆ ಕಾಲು ಬಿಟ್ಟು ಹೋಗ್ತಾರಾ?" ಎಂದೆ. ಅಲ್ಲಿನ ಅಂಗಡಿಯ ಹಿರಿಯರು ಒಳ್ಳೆಯವರು, ಅತ್ತೆಯನ್ನು ಕುರ್ಚಿಯ ಮೇಲೆ ಕೂರಿಸಿ, ಯಾವ ಚಿತ್ರ ಹಾಕಲಿ ಅಮ್ಮಾ ಎಂದು ಅವರನ್ನೇ ಕೇಳಿದರು. ಅತ್ತೆ ತಡವಿಲ್ಲದೆ ಹೇಳಿದರು: "ಶೋಲೆ ಹಾಕಪ್ಪ."

ನಗಬೇಡಿ. ಶೋಲೆ ನಮ್ಮೂರಿನ ಬಂಡೆಗಳ ನಡುವೆ ಹುಟ್ಟಿದ ಚಿತ್ರ. 1973ರಲ್ಲಿ ರಮೇಶ್ ಸಿಪ್ಪಿಯವರು ರಾಮನಗರದ ಬೆಟ್ಟದ ಬುಡದಲ್ಲಿ ಒಂದು ಹಳ್ಳಿಯನ್ನೇ ಕಟ್ಟಿ ಚಿತ್ರೀಕರಣ ಶುರುಮಾಡಿದಾಗ ನಮ್ಮತ್ತೆ ಮೂವತ್ತರ ಹೆಂಗಸು. ಕಂಕುಳಲ್ಲಿ ಮಗು ಇಟ್ಟುಕೊಂಡು ಕುದುರೆ ನೋಡಲು ಹೋಗಿದ್ದರಂತೆ. 1975ರ ಆಗಸ್ಟ್ 15ರಂದು ಚಿತ್ರ ಬಂತು, 70 ಎಂಎಂ ತೆರೆಯಲ್ಲಿ, ಸ್ಟೀರಿಯೋಫೋನಿಕ್ ಶಬ್ದದಲ್ಲಿ. ಆ ಶಬ್ದದ ವೈಭವ ಅತ್ತೆಗೆ ದಕ್ಕಲಿಲ್ಲ. ಅವರು ನೋಡಿದ್ದು ಎಷ್ಟೋ ವರ್ಷದ ಮೇಲೆ, ಟೆಂಟಿನಲ್ಲಿ, ಒಂದೇ ಹಾರ್ನಿನಲ್ಲಿ.

ಮತ್ತೆ ಆ ಚಿತ್ರದಲ್ಲಿ ಪರೀಕ್ಷೆಗೆ ಬೇಕಾದದ್ದೆಲ್ಲ ಇದೆ. ಗುಂಡಿನ ಸದ್ದು, ರೈಲಿನ ಸದ್ದು ಇರಲಿ, ಅವನ್ನು ಯಾವ ಪೆಟ್ಟಿಗೆಯೂ ಹೊಡೆದು ತೋರಿಸುತ್ತದೆ. ರಾತ್ರಿ ರಾಧೆ ಒಂದೊಂದೇ ದೀಪ ಆರಿಸುವಾಗ ಜಯ್ ಹೊರಗೆ ಕೂತು ಮೌತ್ ಆರ್ಗನ್ ನುಡಿಸುತ್ತಾನಲ್ಲ, ಅದನ್ನು ಹಾಕಿಸಿ. ಒಳ್ಳೆಯ ರಿಸೀವರಿನಲ್ಲಿ ಆ ದನಿಯ ಸುತ್ತ ಏನೂ ಇರುವುದಿಲ್ಲ, ರಾತ್ರಿ ಮಾತ್ರ ಇರುತ್ತದೆ. ಕೆಟ್ಟದ್ದರಲ್ಲಿ ಸುಂಯ್ ಎಂಬ ಗುಂಗಾಡು ಸೇರಿಕೊಳ್ಳುತ್ತದೆ. ಮಗನ ಹೆಣ ಬಂದಾಗ ಕುರುಡ ಇಮಾಮ್ ಸಾಹೇಬರು ಊರೇಕೆ ಇಷ್ಟು ಮೌನವಾಗಿದೆ ಎಂದು ಕೇಳುವ ಗಳಿಗೆಯೂ ಹಾಗೆಯೇ. ಎ.ಕೆ. ಹಂಗಲ್ ಅವರ ಆ ಮುದಿದನಿಯಲ್ಲಿ ಒಂದೊಂದು ಅಕ್ಷರ ಬಿಡಿಸಿ ಕೇಳಬೇಕು. ಮೌನವನ್ನು ತೋರಿಸಲಾರದ ಯಂತ್ರ ಮಾತನ್ನೂ ತೋರಿಸಲಾರದು. ಅಂಗಡಿಯಲ್ಲಿ ಅತ್ತೆ ಮೂರು ರಿಸೀವರ್ ಕೇಳಿದರು. ಅವರಿಗೆ ಹಿಂದಿ ಬಾರದು. ಆದರೂ ಎರಡನೆಯದಕ್ಕೆ ಕೈ ತೋರಿಸಿ "ಇದ್ರಲ್ಲಿ ಸಾಬ್ರು ಹತ್ರ ನಿಂತವ್ರೆ" ಎಂದರು. ಅದು ಮೂರರಲ್ಲಿ ಅತಿ ಅಗ್ಗದ್ದು, 28,000. ಎರಡು ಸ್ಪೀಕರು, ನಡುವಿನದೊಂದು, ವೈರು ಎಲ್ಲ ಸೇರಿ ಚೀಟಿ ಹಣದಲ್ಲಿ ನಾಲ್ಕು ಸಾವಿರ ಉಳಿಯಿತು. ಗ್ಯಾರಂಟಿ ಕಾರ್ಡಿಗೆ ಮೊಹರು ಹಾಕಿಸಿ, ಸರ್ವಿಸ್ ಎಲ್ಲಿ ಎಂದು ಬರೆಸಿಕೊಂಡು, ಸ್ಪೀಕರಿನ ಓಮ್ ರಿಸೀವರಿಗೆ ಒಪ್ಪುತ್ತದೆಯೇ ಎಂದು ಎರಡರ ಬೆನ್ನನ್ನೂ ಓದಿ ತಂದೆ. ಸ್ಪೀಕರು 87 ಡೆಸಿಬಲ್ಲಿನದಕ್ಕಿಂತ 90 ಡೆಸಿಬಲ್ಲಿನದಾದರೆ ಅರ್ಧ ವ್ಯಾಟೇ ಸಾಕು ಎಂಬುದನ್ನು ಆ ಹಿರಿಯರೇ ಹೇಳಿಕೊಟ್ಟರು. ವ್ಯಾಟ್ ಕೇಳುವವರು ಸಾವಿರ ಜನ, ಇದನ್ನು ಕೇಳುವವರಿಲ್ಲ ಎಂದರು.

ಮನೆಗೆ ತಂದ ಮೇಲೆ ಇನ್ನೊಂದು ನಾಟಕ. ರಿಸೀವರಿನ ಜೊತೆ ಒಂದು ಪುಟ್ಟ ಮೈಕು ಬಂದಿತ್ತು. ಎಲ್ಲ ಪೆಟ್ಟಿಗೆಗಳ ಜೊತೆ ಬರುವುದಿಲ್ಲ, ಬರುವುದನ್ನೇ ಕೇಳಿ ಕೊಳ್ಳಿ. ಕೇಳುವವರು ಕೂರುವ ಜಾಗದಲ್ಲಿ, ಕಿವಿಯ ಎತ್ತರಕ್ಕೆ ಆ ಮೈಕನ್ನು ಇಟ್ಟರೆ, ಸ್ಪೀಕರುಗಳು ಒಂದೊಂದಾಗಿ ಸುಂಯ್‌ಗುಟ್ಟಿ, ಆ ಕಿವಿಗೆ ತಕ್ಕ ಹಾಗೆ ಯಂತ್ರ ತನ್ನನ್ನು ತಿದ್ದಿಕೊಳ್ಳುತ್ತದೆ. ನಾನು ಸಾರಿಗೆ ಒಗ್ಗರಣೆ ಹಾಕಿ ಬರುವಷ್ಟರಲ್ಲಿ ಮೈಕು ಎಲ್ಲಿತ್ತು ಗೊತ್ತೇ? ನಮ್ಮ ಯಜಮಾನರ ಈಸಿಚೇರಿನ ಮೇಲೆ. ಯಾರೂ ಬೇಕೆಂದು ಮಾಡಿದ್ದಲ್ಲ. ಮನೆಯಲ್ಲಿ ಕೇಳುವವರು ಎಂದರೆ ಅವರೇ ಎಂದು ಮೂವರೂ ಗಂಡಸರಿಗೆ ತಾನಾಗಿಯೇ ಅನ್ನಿಸಿತ್ತು. ನನಗೆ ಅಂಗಡಿಯ ಹುಡುಗನ ಮೇಲೆ ಬಂದದ್ದಕ್ಕಿಂತ ಹೆಚ್ಚು ಸಿಟ್ಟು ಬಂದದ್ದು ಆಗ. ಮೈಕನ್ನು ಎತ್ತಿ ಅತ್ತೆಯ ದಿವಾನಿನ ಮೇಲೆ, ಎರಡು ದಿಂಬು ಪೇರಿಸಿ, ಅವರ ಕಿವಿಯ ಎತ್ತರಕ್ಕೆ ಇಟ್ಟು ಮತ್ತೆ ಅಳೆಸಿದೆ.

ನಮ್ಮ ತಪ್ಪೂ ಇಲ್ಲದಿಲ್ಲ. ಯಂತ್ರ ಎಂದ ಕೂಡಲೇ "ನೀವೇ ನೋಡ್ಕೊಳ್ಳಿ" ಎಂದು ಸೆರಗು ಕೊಡವಿ ಏಳುವವರು ನಾವೇ. ಮನೆಗೆ ಬಂದ ಮೇಲೆ ಅದಕ್ಕೊಂದು ಕ್ರೋಶಾದ ಹೊದಿಕೆ ಹೆಣೆದು, ಮೇಲೆ ಹೂದಾನಿ ಇಡುವವರೂ ನಾವೇ. ರಿಸೀವರು ಬಿಸಿಯಾಗುವ ವಸ್ತು, ಅದರ ನೆತ್ತಿಯ ಕಿಂಡಿಗಳು ಅದರ ಮೂಗು. ಹೊದಿಕೆ ಬೇಡ, ಗಾಜಿನ ಶೋಕೇಸೂ ಬೇಡ. ಹೆಣೆಯುವ ಹುರುಪಿದ್ದರೆ ದಪ್ಪ ಪರದೆ ಹೊಲಿದು ಬರಿಗೋಡೆಗೆ ಹಾಕಿ, ಟೈಲ್ಸಿನ ಮೇಲೆ ಜಮಖಾನ ಹಾಸಿ. ಬರಿಗೋಡೆಯ ಮಾರ್ದನಿ ಮಾತನ್ನು ಕೆಡಿಸಿದಷ್ಟು ಅಗ್ಗದ ಯಂತ್ರ ಕೆಡಿಸುವುದಿಲ್ಲ. ನಮ್ಮ ಹಾಲಿನಲ್ಲಿ ಜಮಖಾನ ಮಾಡಿದ ಉಪಕಾರ ಯಾವ ವ್ಯಾಟೂ ಮಾಡಲಿಲ್ಲ.

ನಡುವಿನ ಸ್ಪೀಕರು ಟಿವಿಯ ಕೆಳಗೆ, ಮೊಣಕಾಲೆತ್ತರದ ಮೇಜಿನ ಮೇಲೆ ಕೂತಿತು. ಅದರ ದನಿ ಅತ್ತೆಯ ಪಾದಕ್ಕೆ ಹೋಗುತ್ತಿತ್ತೇ ಹೊರತು ಕಿವಿಗೆ ಬರುತ್ತಿರಲಿಲ್ಲ. ಮುಂದಿನ ಅಂಚನ್ನು ಎತ್ತಿ ಮುಖ ಮೇಲೆ ಮಾಡಬೇಕು. ಅತ್ತೆಯ ತವರು ಚನ್ನಪಟ್ಟಣ. ಅಲ್ಲಿ ಬೊಂಬೆ ಮಾಡುವ ಪರಿಚಯದವರೊಬ್ಬರ ಹತ್ತಿರ ಹಾಲೆಮರದ ಎರಡು ಗುಬುಟು ಕಡೆಸಿಕೊಂಡು ಬಂದೆ, ಅರಗಿನ ಕೆಂಪು ಬಣ್ಣ ಹಚ್ಚಿದ್ದು. ಅವರು ಅಳತೆ ಕೇಳಿದರು. ಎಷ್ಟು ದೂರದಲ್ಲಿ ಕೂರುತ್ತಾರೆ, ಎಷ್ಟು ಎತ್ತರದಲ್ಲಿ ಕೂರುತ್ತಾರೆ ಎಂದು ಎರಡೆರಡು ಸಲ ಕೇಳಿದರು. ಇಡೀ ಖರೀದಿಯಲ್ಲಿ ಕೂರುವವರ ಬಗ್ಗೆ ಕೇಳಿದವರು ಬೆಂಗಳೂರಿನ ಆ ಹಿರಿಯರು ಬಿಟ್ಟರೆ ಇವರೊಬ್ಬರೇ.

ಟಿವಿಯ ಹಿಂದಿನ ಎಚ್‌ಡಿಎಂಐ ಕಿಂಡಿಗಳಲ್ಲಿ ಒಂದರ ಪಕ್ಕ ಎಆರ್‌ಸಿ ಎಂದು ಬರೆದಿರುತ್ತದೆ, ಅದಕ್ಕೇ ವೈರು ಸಿಕ್ಕಿಸಿ. ಟಿವಿಯ ದನಿ ಆ ಒಂದು ವೈರಿನಲ್ಲೇ ರಿಸೀವರಿಗೆ ಬರುತ್ತದೆ. ಟಿವಿಯ ರಿಮೋಟಿನಿಂದಲೇ ರಿಸೀವರಿನ ವಾಲ್ಯೂಮೂ ಏರಿಳಿಯುವಂತೆ ಮಾಡಿಕೊಳ್ಳಬಹುದು. ಇದು ಚಿಕ್ಕ ಮಾತಲ್ಲ. ಮೂರು ರಿಮೋಟಿದ್ದರೆ ಮಗನೋ ಮೊಮ್ಮಗನೋ ಬರುವವರೆಗೆ ಮುದುಕಿ ಕಾದು ಕೂರಬೇಕು. ಒಂದಿದ್ದರೆ ಬೇಕಾದಾಗ ತಾನೇ ಹಾಕಿಕೊಳ್ಳುತ್ತಾಳೆ. ರಾತ್ರಿ ಹೊತ್ತಿಗೆಂದು ದೊಡ್ಡ ಸದ್ದನ್ನು ತಗ್ಗಿಸಿ ಸಣ್ಣದನ್ನು ಎತ್ತುವ ಗುಂಡಿಯೂ ಅನೇಕ ರಿಸೀವರುಗಳಲ್ಲಿ ಇದೆ. ಕನಕಪುರದಂಥ ಮಗು ಮಲಗಿದ ಮನೆಗಳಿಗೆ ಅದೊಂದು ವರ.

ಮೊನ್ನೆ ಮೈದುನ ಬಂದಿದ್ದ. ಧಾರಾವಾಹಿ ನಡೆಯುತ್ತಿತ್ತು, ವಾಲ್ಯೂಮು ಹಿಂದಿನ ಅರ್ಧದಷ್ಟೂ ಇರಲಿಲ್ಲ. "ಎಷ್ಟು ವ್ಯಾಟು ಅತ್ತಿಗೆ?" ಎಂದ. ನಾನು ಉತ್ತರ ಹೇಳುವ ಮುಂಚೆ ಅತ್ತೆ ಅವನ ಕಡೆ ತಿರುಗದೆಯೇ ಕೈ ಎತ್ತಿದರು: "ಸುಮ್ಕಿರೋ, ಅವ್ಳು ಏನೋ ಹೇಳ್ತಾವ್ಳೆ."

ಹಿಂದಿನ ಎರಡು ಸ್ಪೀಕರು ಬೇಕೆಂದು ಯಜಮಾನರು ಈಗ ಶುರುಮಾಡಿದ್ದಾರೆ. ಮುಂದಿನ ಚೀಟಿ ಕಾರ್ತೀಕಕ್ಕೆ ಎತ್ತುತ್ತೇನೆ. ನೋಡೋಣ ಎಂದಿದ್ದೇನೆ. ಆದರೆ ಅತ್ತೆ ಮೊದಲು ಕೇಳಬೇಕು.